ಕತ್ತರಿಯಣ್ಣನ ಡಾಕ್ಟ್ರು

ಮೂಲೆಯ ಕಟಿಂಗ್ ಶಾಪಿನ ಯಜಮಾನನನ್ನು ಬೀದಿಯವರೆಲ್ಲ ಕತ್ತರಿಯಣ್ಣ ಎಂದೇ ಕರೆಯುತ್ತಾರೆ. ಕೈಯಲ್ಲಿರುವ ಕತ್ತರಿಯಾದರೂ ಆಗಾಗ ಸುಮ್ಮನಿದ್ದೀತು, ಅವನ ಬಾಯಿ ಮಾತ್ರ ಸುಮ್ಮನಿರಲಾರದು. ಅಂಥವನು ಈಗ ಗಿರಾಕಿಗಳ ಮುಂದೆಯೂ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ಕಾರಣ ಮಗ. ಹನ್ನೆರಡನೇ ತರಗತಿ ಪಾಸಾದ ಹುಡುಗ ನರ್ಸಿಂಗ್ ಓದುತ್ತೇನೆ ಎಂದು ಪಟ್ಟು ಹಿಡಿದಿದ್ದ. ಸೋಮವಾರ ಕಾಲೇಜಿಗೆ ಸೇರಲು ಕೊನೆಯ ದಿನ. ಅಪ್ಪ ಹೂಂ ಅನ್ನದೆ ಹೋಗುವ ಮಗ ಅವನಲ್ಲ, ಸುಲಭಕ್ಕೆ ಹೂಂ ಅನ್ನುವ ಅಪ್ಪ ಇವನಲ್ಲ.

"ಲೋ, ಗಂಡಸು ನರ್ಸ್ ಆಗೋದನ್ನ ಎಲ್ಲಾದ್ರೂ ಕಂಡಿದ್ದೀಯೇನೋ? ಇಂಜೆಕ್ಷನ್ ಚುಚ್ಚೋದು, ಪಟ್ಟಿ ಕಟ್ಟೋದು, ಅಷ್ಟಕ್ಕೆ ನಾಲ್ಕು ವರ್ಷ ಓದ್ಬೇಕಾ? ನಾನು ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

"ಅಪ್ಪಾ, ಅಜ್ಜಿ ಕಾಲು ವಾಸಿ ಆಗಿದ್ದು ನೋಡಿದ ಮೇಲೇ ನಂಗೆ ಈ ಆಸೆ ಹುಟ್ಟಿದ್ದು."

"ಅದನ್ನ ವಾಸಿ ಮಾಡಿದ್ದು ಡಾಕ್ಟ್ರು ಕಣೋ."

"ಅಲ್ಲಪ್ಪಾ, ಅವರು..."

ಮಾತು ಮುಗಿಸಲು ಅಪ್ಪ ಬಿಟ್ಟರೆ ತಾನೆ? ಬಡಾವಣೆಯ ಆರೋಗ್ಯ ಕೇಂದ್ರದ ಆ ಮೀಸೆಯವರೆಂದರೆ ಅವನಿಗೆ ಅಷ್ಟು ಗೌರವ. ಸಕ್ಕರೆ ಕಾಯಿಲೆಯ ಅವನ ತಾಯಿಗೆ ಕಾಲಿನಲ್ಲಿ ಗಾಯವಾಗಿ, ಬೆರಳೇ ತೆಗೆಯಬೇಕಾದೀತು ಎನ್ನುವ ಮಟ್ಟ ಮುಟ್ಟಿತ್ತು. ಮೀಸೆಯವರು ಮುದುಕಿಯ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ತೊಳೆದರು. ದಿನ ಬಿಟ್ಟು ದಿನ ಪಟ್ಟಿ ಬದಲಿಸಿದರು. ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದನ್ನು ಕಲಿಸಿದರು. ಬೆರಳು ಉಳಿಯಿತು. ಕತ್ತರಿಯಣ್ಣ ಅವತ್ತಿನಿಂದ ಕುರ್ಚಿಗೆ ಬಂದು ಕೂತವರಿಗೆಲ್ಲ ಅದನ್ನೇ ಹೇಳಿದ್ದ.

"ನಾಳೆ ಡಾಕ್ಟ್ರು ಕಟಿಂಗಿಗೆ ಬರ್ತಾರೆ. ಅವರ ಕೈಲೇ ಬುದ್ಧಿ ಹೇಳಿಸ್ತೀನಿ. ಅವರು ಹೇಳಿದ್ದೇ ಕೊನೆ ಮಾತು."

"ಖಂಡಿತಾನಾ ಅಪ್ಪಾ?"

"ಖಂಡಿತ."

ಹುಡುಗನ ಮುಖ ಅರಳಿತು. ಅಂಗಡಿಗೂ ಮನೆಗೂ ನಡುವಿನ ಪರದೆಯ ಹಿಂದೆ ಅಜ್ಜಿ ಕಿಸಕ್ಕನೆ ನಕ್ಕಳು.

ಭಾನುವಾರ ಬೆಳಿಗ್ಗೆ ಮೀಸೆಯವರು ಬಂದು ಕೂತರು. ಹುಡುಗ ಪಕ್ಕದಲ್ಲೇ ನಿಂತಿದ್ದ. ಕತ್ತರಿಯಣ್ಣ ಕುತ್ತಿಗೆಗೆ ಬಟ್ಟೆ ಕಟ್ಟಿ, ಕೆನ್ನೆಗೆ ನೊರೆ ಹಚ್ಚಿ, ವಿಷಯ ತೆಗೆದ.

"ಡಾಕ್ಟ್ರೇ, ನಮ್ಮ ಹುಡುಗನಿಗೆ ಸ್ವಲ್ಪ ಬುದ್ಧಿ ಹೇಳಿ. ನರ್ಸ್ ಆಗ್ತಾನಂತೆ."

ಅವರಿಗೆ ನಗು ತಡೆಯಲಾಗಲಿಲ್ಲ. "ಅಣ್ಣ, ನಾನು ಡಾಕ್ಟ್ರಲ್ಲ ಅಂತ ಎಷ್ಟು ಸಲ ಹೇಳಿದ್ದೀನಿ ನಿಮಗೆ?"

"ಅದು ನಿಮ್ಮ ದೊಡ್ಡತನ."

"ದೊಡ್ಡತನ ಅಲ್ಲಣ್ಣ. ನಾನು ನರ್ಸು."

ರೇಜರ್ ಹಿಡಿದ ಕೈ ಹಾಗೇ ನಿಂತಿತು. "ಮತ್ತೆ ಆಚೆ ಕೋಣೇಲಿ ಕನ್ನಡಕ ಹಾಕ್ಕೊಂಡು ಕೂತಿರ್ತಾರಲ್ಲ, ಆ ಸಿಸ್ಟರು?"

"ಅವರೇ ಡಾಕ್ಟ್ರು."

"ಅಯ್ಯೋ ನನ್ನ ಬುದ್ಧಿಗಿಷ್ಟು. ಅವರನ್ನೇ ಕರೆದು ಕುರ್ಚಿ ತಂದ್ಕೊಡಮ್ಮ ಅಂದಿದ್ನಲ್ಲ ನಾನು."

"ತಂದ್ಕೊಟ್ರಲ್ಲ. ಒಳ್ಳೇವರು ಪಾಪ."

ಕತ್ತರಿಯಣ್ಣ ಸ್ಟೂಲಿನ ಮೇಲೆ ಕುಸಿದು ಕೂತ. "ಹಾಗಾದ್ರೆ ನಮ್ಮಮ್ಮನ ಕಾಲು ಉಳಿಸಿದ್ದು?"

"ಔಷಧಿ ಬರೆದಿದ್ದು ಅವರು. ಗಾಯ ತೊಳೆದು ಕಟ್ಟಿದ್ದು, ಅದು ಕೆಡ್ತಾ ಇದೆ ಅಂತ ಮೊದಲು ಕಂಡುಹಿಡಿದು ಅವರಿಗೆ ಹೇಳಿದ್ದು ನಾನು. ಇಬ್ಬರೂ ಬೇಕಣ್ಣ. ಅದನ್ನ ಕಲಿಯೋಕೇ ನಾಲ್ಕು ವರ್ಷ. ಈಗ ರಾಜ್ಯದಲ್ಲೆಲ್ಲಾ ನರ್ಸ್‌ಗಳು ಸಾಲ್ತಾ ಇಲ್ಲ. ಅದಕ್ಕೇ ಸೀಟು ಹೆಚ್ಚಿಸಿದ್ದಾರೆ, ಕೆಲಸದಲ್ಲಿರೋ ನಮಗೂ ಮೇಲಿನ ತರಬೇತಿ ಕೊಡ್ತಿದ್ದಾರೆ. ಈ ಗಾಯದ ಆರೈಕೆ ನಾನು ಅಲ್ಲೇ ಕಲಿತದ್ದು. ಮುಂದೆ ಓದಿದ್ರೆ ಕಾಲೇಜಲ್ಲಿ ಪಾಠಾನೂ ಮಾಡಬಹುದು."

"ಅದೆಲ್ಲಾ ಸರಿ. ಆದ್ರೂ ಗಂಡು ಹುಡುಗ..."

"ಯಾಕಣ್ಣ, ನನ್ನ ಮೀಸೆಗೇನಾಗಿದೆ? ತಿದ್ದೋರು ನೀವೇ ತಾನೆ? ಎಷ್ಟು ಗಂಡಸರು ಹೆಣ್ಣುಮಕ್ಕಳ ಹತ್ರ ಹೇಳ್ಕೊಳ್ಳೋಕೆ ನಾಚಿ ಕಾಯಿಲೆ ಮುಚ್ಚಿಡ್ತಾರೆ ಗೊತ್ತಾ?"

ಅಷ್ಟರಲ್ಲಿ ಅಜ್ಜಿ ಪರದೆ ಸರಿಸಿಕೊಂಡು, ಯಾರ ಆಸರೆಯೂ ಇಲ್ಲದೆ ನಡೆದು ಬಂದಳು. "ಮಗು ಬಾಯಿ ತೆಗೆದಾಗೆಲ್ಲ ನೀನು ಮುಚ್ಚಿಸಿದೆ. ಡಾಕ್ಟ್ರು ದೇವರಂಥೋರು ಅಂತ ಬೀದಿಗೆಲ್ಲ ಸಾರಿದೆಯಲ್ಲ, ಅವರು ನರ್ಸು ಅಂದ ಕೂಡ್ಲೆ ಸಣ್ಣೋರಾಗಿಬಿಟ್ರಾ?"

ಕತ್ತರಿಯಣ್ಣನಿಗೆ ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಎದೆ ಹಗುರಾಯಿತು. ಕಣ್ಣೊರೆಸಿಕೊಂಡು ಎದ್ದ.

"ಇವರು ಹೇಳಿದ್ದೇ ಕೊನೆ ಮಾತು ಅಂದಿದ್ದೆ. ಸೇರ್ಕೊ ಮಗನೇ. ನಾಳೆ ಅಂಗಡಿ ಬಾಗಿಲು ಹಾಕಿ ನಾನೂ ಬರ್ತೀನಿ."

ಹುಡುಗ ಅಜ್ಜಿಯನ್ನು ಬಾಚಿ ತಬ್ಬಿಕೊಂಡ. ಮೀಸೆಯವರು ನೊರೆ ಮೆತ್ತಿದ ಮುಖದಲ್ಲೇ ಚಪ್ಪಾಳೆ ತಟ್ಟಿದರು. ಕತ್ತರಿಯಣ್ಣನ ಬಾಯಿಗೆ ಮತ್ತೆ ಜೀವ ಬಂತು. ಮುಂದಿನ ಗಿರಾಕಿ ಕೂರುವ ಮೊದಲೇ ಶುರುಮಾಡಿದ: "ನಮ್ಮ ಹುಡುಗ ನರ್ಸಿಂಗ್ ಓದ್ತಾನೆ ಸ್ವಾಮಿ. ನಿಮ್ಮ ಮಗಳು ಏನು ಓದ್ಬೇಕು ಅಂತಿದ್ದಾಳೆ? ಕೇಳಿದ್ದೀರಾ ಒಂದ್ಸಲ?"

ಇದನ್ನು ಓದಿದ, ಕೇಳಿದ ಅಕ್ಕ ಅಣ್ಣಂದಿರೇ, ನಿಮಗೂ ಅದೇ ಪ್ರಶ್ನೆ. ಮಗಳಾಗಲಿ ಮಗನಾಗಲಿ ನರ್ಸಿಂಗ್ ಓದುತ್ತೇನೆ ಎಂದರೆ ಬೇಡ ಎನ್ನಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿನ ನರ್ಸ್‌ಗಳನ್ನೇ ಕೇಳಿ ತಿಳಿದುಕೊಳ್ಳಿ. ನಮ್ಮ ಕಾಯಿಲೆಯ ದಿನಗಳಲ್ಲಿ ಹಾಸಿಗೆ ಪಕ್ಕ ನಿಲ್ಲುವ ಮಕ್ಕಳ ಪಕ್ಕದಲ್ಲಿ ಇವತ್ತು ನಾವು ನಿಲ್ಲೋಣ.