ಕೆಲವೇ ಕ್ಷಣಗಳಲ್ಲಿ ಬಲಗೈ

ಅಕ್ಕನ ದನಿಯ ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದು ಯಾವುದೂ ನಂಬಿಕೆಗೆ ಬರುವುದಿಲ್ಲ. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಆಕೆ ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಆಚೆ ಬೀದಿಯ ಮನೆಗಳಲ್ಲಿ ಗೊರಕೆ ಹೊಡೆಯುತ್ತಿದ್ದವರು ಎದ್ದು ಚೀಲ ಹೆಗಲಿಗೇರಿಸುತ್ತಿದ್ದರು. ನಿಲ್ದಾಣದ ಸೂರಿನಲ್ಲಿದ್ದ ಪಾರಿವಾಳಗಳು ಆಕೆಯ ಮಾತು ಕೇಳಿ ಪ್ಲಾಟ್‌ಫಾರ್ಮ್ ಬದಲಿಸುತ್ತಿದ್ದವು. ಒಬ್ಬ ಜೇಬುಗಳ್ಳನಂತೂ ಆಗಷ್ಟೇ ಎಗರಿಸಿದ್ದ ಪರ್ಸನ್ನು ವಾಪಸ್ ತುರುಕಿ, "ಹೊರಡಿ ಸ್ವಾಮಿ, ನಿಮ್ಮ ಬಸ್ಸು ಬಂತಂತೆ" ಎಂದು ಬೆನ್ನು ತಟ್ಟಿ ಕಳಿಸಿದನಂತೆ.

ಬರೀ ದನಿಯಲ್ಲ, ಆ ದನಿಗೊಂದು ಕಸುಬೂ ಇತ್ತು. ಆಕೆ ಕೂರುತ್ತಿದ್ದ ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಯ ಮೇಲೆ ವೇಳಾಪಟ್ಟಿ, ಮೇಜಿನ ಮೇಲೆ ಗಡಿಯಾರ, ಅಷ್ಟೇ. ಪಟ್ಟಿಯಲ್ಲಿದ್ದ ಹೊತ್ತಿಗೆ ಮುಳ್ಳು ಬಂದು ನಿಂತ ತಕ್ಷಣ ಅಕ್ಕ ಹೇಳಬೇಕು: "ಪ್ರಯಾಣಿಕರ ಗಮನಕ್ಕೆ, ಬಸ್ಸು ಕೆಲವೇ ಕ್ಷಣಗಳಲ್ಲಿ ಆಗಮಿಸುತ್ತಿದೆ." ಬಸ್ಸು ನಿಜಕ್ಕೂ ಬಂತೋ, ದಾರಿಯಲ್ಲಿ ಚಕ್ರ ಕಳಚಿಕೊಂಡು ಮಗ್ಗುಲಾಯಿತೋ ಆಕೆಗೆ ಕಾಣುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ನಿಲ್ದಾಣದ ಮೇಲಧಿಕಾರಿ ಬುದ್ಧಿ ಹೇಳಿದ್ದ: "ನೋಡಮ್ಮ, ರದ್ದಾಯ್ತು ಅನ್ನೋ ಮಾತು ಮಾತ್ರ ನಿನ್ನ ಬಾಯಲ್ಲಿ ಬರಕೂಡದು. ನಿನಗಿಂತ ಮುಂಚೆ ಇದ್ದವಳು ಒಂದ್ಸಲ ಅಂದುಬಿಟ್ಲು. ಜನ ವಿಚಾರಣೆ ಕೌಂಟರನ್ನ ಹೊತ್ಕೊಂಡು ಹೋಗಿ ನಡುರಸ್ತೇಲಿ ಇಟ್ರು, ಒಳಗಿದ್ದ ಗುಮಾಸ್ತನ ಸಮೇತ. ಬರ್ತಾ ಇದೆ ಅನ್ನು. ಕಾಯೋರಿಗೆ ಅಷ್ಟೇ ಬೇಕಾಗಿರೋದು." ನಿವೃತ್ತಿಯಾಗುವ ತನಕ ಅಕ್ಕ ಆ ಮಾತು ಮೀರಲಿಲ್ಲ.

ಮನೆಯಲ್ಲೂ ಹಾಗೆಯೇ. ಹಾಲು ಒಲೆಯ ಮೇಲಿಟ್ಟ ಕೂಡಲೇ "ಹಾಲು ಉಕ್ಕುತ್ತಿದೆ" ಎನ್ನುವಳು. ಯಾರೂ ಬಾಗಿಲು ತಟ್ಟುವ ಮೊದಲೇ "ಬಂದ್ರು" ಎನ್ನುವಳು.

ಆಕೆಗೊಬ್ಬ ತಮ್ಮ. ಗೋಡೆಗಳಿಗೆ ಬಣ್ಣ ಹೊಡೆಯುವವನು. ಹುಟ್ಟುವಾಗಲೇ ಏಣಿ ಹಿಡಿದುಕೊಂಡು ಬಂದಿದ್ದ ಎಂದು ಜನ ಆಡಿಕೊಳ್ಳುವಷ್ಟು ಎತ್ತರದ ಕೆಲಸದಲ್ಲಿ ಪಳಗಿದವನು. ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಏಣಿ ಎಂದು. ಅಂಥವನು ಒಂದು ದಿನ ನಾಲ್ಕನೇ ಮಹಡಿಗೆ ಕಟ್ಟಿದ್ದ ಸಾರುವೆಯ ಹಲಗೆಯಿಂದ ಬಿದ್ದ. ಪ್ರಾಣ ಉಳಿಯಿತು, ಬಲಭುಜ ಉಳಿಯಲಿಲ್ಲ. ಕೈ ಎದೆಯವರೆಗೆ ಬಂದು, ಹಟ ಹಿಡಿದ ಎತ್ತಿನ ಹಾಗೆ ನಿಂತುಬಿಡುತ್ತಿತ್ತು. ಭುಜಕ್ಕೆ ಸ್ಪರ್ಶವೂ ಅಷ್ಟಕ್ಕಷ್ಟೆ. ಕಣ್ಣಿಟ್ಟು ನೋಡಿಕೊಳ್ಳದಿದ್ದರೆ ತನ್ನ ಕೈ ಎಲ್ಲಿದೆಯೆಂದು ಅವನಿಗೇ ತಿಳಿಯದು. ಅಕ್ಕ ಮಾತ್ರ ದಿನಾ ಬೆಳಿಗ್ಗೆ ಎಣ್ಣೆ ತಿಕ್ಕುತ್ತ ಹೇಳುವಳು: "ಬರುತ್ತೆ ಕಣೋ. ಇನ್ನೇನು ಬಂದೇಬಿಡ್ತು ನಿನ್ನ ಕೈ."

ಅವನಿಗೆ ಬರುತ್ತಿದ್ದ ಅಂಗವಿಕಲ ಭತ್ಯೆಯನ್ನು ಮುಂದುವರಿಸಬೇಕೋ ಬೇಡವೋ ಎಂದು ನೋಡಲು ವೈದ್ಯಕೀಯ ತಪಾಸಣೆಗೆ ಕರೆ ಬಂತು. ಭತ್ಯೆ ನಿಂತಿತೋ, ಅವನು ಮತ್ತೆ ಏಣಿ ಹತ್ತಲೇಬೇಕು. ಮೇಸ್ತ್ರಿ ಆಗಲೇ ನೀರಿನ ಟ್ಯಾಂಕಿಗೆ ಬಣ್ಣ ಹೊಡೆಯುವ ಗುತ್ತಿಗೆ ಹಿಡಿದು ಕೂತಿದ್ದ. ಆ ಟ್ಯಾಂಕು ಎಷ್ಟು ಎತ್ತರವೆಂದರೆ ಮೋಡಗಳು ಅದಕ್ಕೆ ಸೊಂಟ ಉಜ್ಜಿಕೊಂಡು ಹೋಗುತ್ತಿದ್ದವು. ಅಲ್ಲಿಂದ ಒಂಟಿ ಕೈಯವನು ಬಿದ್ದರೆ ಮೂಳೆ ಹುಡುಕಲೂ ಆಗದು.

"ಅಲ್ಲಿ ನಾವು ಹೇಳೋದೊಂದು, ಅವರು ಬರ್ಕೊಳ್ಳೋದೊಂದು" ಎಂದು ಕೆಳಮನೆಯ ದರ್ಜಿ ಎಚ್ಚರಿಸಿದ. "ಎಲ್ಲಾ ರೆಕಾರ್ಡ್ ಮಾಡ್ಕೊಂಡು ಬನ್ನಿ."

"ನಾನಿದ್ದೀನಲ್ಲ" ಎಂದಳು ಅಕ್ಕ. ಆ ಮಾತು ಕೇಳಿದ್ದೇ ತಮ್ಮನ ಹೆಂಡತಿ ದೇವರ ಮುಂದೆ ಇನ್ನೊಂದು ದೀಪ ಹಚ್ಚಿದಳು.

ತಪಾಸಣೆಯ ಕೋಣೆಯಲ್ಲಿ ತೂಕದ ಯಂತ್ರ, ಎರಡು ಕುರ್ಚಿ, ಕಂಪ್ಯೂಟರ್ ಹಿಂದೆ ಒಬ್ಬ ಡಾಕ್ಟರು. ರೆಕಾರ್ಡ್ ಮಾಡಬಹುದೇ ಎಂದದ್ದಕ್ಕೆ "ಧಾರಾಳವಾಗಿ" ಎಂದರು, ತಲೆ ಎತ್ತದೆ. ಒಂದೇ ಬೆರಳಲ್ಲಿ ಟೈಪು ಮಾಡುತ್ತಿದ್ದರು. ಒಂದೊಂದು ಅಕ್ಷರ ಹುಡುಕುವಷ್ಟರಲ್ಲಿ ಹೊರಗೆ ಕಾಯುತ್ತಿದ್ದವರ ಗಡ್ಡ ಬೆಳೆಯುತ್ತಿತ್ತು. ಅಕ್ಕ ಫೋನನ್ನು ಬಾಯಿಯ ಹತ್ತಿರ ಹಿಡಿದು, ಪರದೆಯ ಮೇಲೆ ಓಡುವ ಅಂಕಿಗಳ ಮೇಲೆಯೇ ಕಣ್ಣು ನೆಟ್ಟಳು. ಹಿಂದೆ ಗಡಿಯಾರದ ಮೇಲೆ ನೆಡುತ್ತಿದ್ದಳಲ್ಲ, ಹಾಗೆ.

"ನೇರ ಮುಂದೆ ನೋಡಿ. ಬಲಗೈ ಮೇಲೆತ್ತಿ" ಎಂದರು ಡಾಕ್ಟರು.

ಅಕ್ಕನ ಗಂಟಲು ತಂತಾನೇ ತೆರೆದುಕೊಂಡಿತು. "ಗಮನಿಸಿ! ತಮ್ಮನ ಬಲಗೈ ತಲೆಯ ಮೇಲಕ್ಕೆ ಆಗಮಿಸುತ್ತಿದೆ!"

ಕಿಟಕಿಯ ಗಾಜು ಝಲ್ಲೆಂದಿತು. ಡಾಕ್ಟರು ಟಕ್, ಟಕ್ ಎಂದು ಏನೋ ಒತ್ತಿ, "ಹ್ಞೂಂ. ಬೆನ್ನ ಹಿಂದಕ್ಕೆ ತಗೊಂಡುಹೋಗಿ" ಎಂದರು.

"ಅದೇ ಬಲಗೈ ಈಗ ಬೆನ್ನ ಹಿಂಭಾಗಕ್ಕೆ ಹೊರಡುತ್ತಿದೆ!"

"ಪೆನ್ನು ಹಿಡ್ಕೊಳ್ಳಿ."

"ಪೆನ್ನು ಹಿಡಿಯುತ್ತಿದೆ!"

"ಆಯ್ತು. ಹೋಗಿ ಬನ್ನಿ."

ಹೊರಗೆ ಬಂದ ಅಕ್ಕ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡಳು. ರಾಜನ ಖಜಾನೆ ಕೊಟ್ಟರೂ ಆ ಗಳಿಗೆಯಲ್ಲಿ ಅದನ್ನು ಬಿಚ್ಚುತ್ತಿರಲಿಲ್ಲ.

ಕೆಲವು ವಾರಗಳ ಮೇಲೆ ವರದಿ ಬಂತು. ಬಲಗೈ ತಲೆಯ ಮೇಲಕ್ಕೆ ಏರುತ್ತದೆ, ಬೆನ್ನ ಹಿಂದೆ ಹೋಗುತ್ತದೆ, ವಸ್ತು ಹಿಡಿಯುತ್ತದೆ, ಭತ್ಯೆ ನಿಲ್ಲಿಸಲಾಗಿದೆ. ಮೇಲ್ಮನವಿಗೆ ಅವಕಾಶ ಉಂಟು.

"ಹಸಿ ಸುಳ್ಳು!" ಎಂದು ಅಕ್ಕ ಗುಡುಗಿದಳು. ದರ್ಜಿಯ ಹೊಲಿಗೆ ಯಂತ್ರ ನಿಂತುಹೋಯಿತು. "ನನ್ನ ಹತ್ರ ಸಾಕ್ಷಿ ಇದೆ. ಕೇಳಿ ಎಲ್ರೂ!"

ಅಕ್ಕ, ತಮ್ಮ, ತಮ್ಮನ ಹೆಂಡತಿ ಮೂವರೂ ಮೇಜಿನ ಸುತ್ತ ಕೂತು ಕೇಳಿದರು. ಗಮನಿಸಿ, ತಮ್ಮನ ಬಲಗೈ ತಲೆಯ ಮೇಲಕ್ಕೆ. ಅದೇ ಬಲಗೈ ಬೆನ್ನ ಹಿಂಭಾಗಕ್ಕೆ. ಪೆನ್ನು ಹಿಡಿಯುತ್ತಿದೆ. ವರದಿ ಮತ್ತು ರೆಕಾರ್ಡು ಅವಳಿಜವಳಿ ಮಕ್ಕಳ ಹಾಗಿದ್ದವು.

ಅಕ್ಕ ಫೋನನ್ನು ತಿರುಗಿಸಿ ಹಿಂಬದಿ ನೋಡಿದಳು. ಮತ್ತೆ ಹಾಕಿದಳು. ಮತ್ತೆ ಅದೇ.

"ನಮ್ಮ ಸಾಕ್ಷೀನೇ ಅವರ ಕಡೆ ಸೇರ್ಕೊಂಡ್ಬಿಟ್ಟಿದೆಯಲ್ಲೋ" ಎಂದಳು, ಪಿಸುದನಿಯಲ್ಲಿ. ಆ ಪಿಸುದನಿ ಎರಡನೇ ಬೀದಿಯವರೆಗೆ ಮಾತ್ರ ಕೇಳಿಸಿತು.

"ಅತ್ತಿಗೆ, ನೀವು ಕಣ್ಣಾರೆ ಕಂಡ್ರಾ? ಕೈ ಎದ್ದಿತಾ?" ಎಂದು ತಮ್ಮನ ಹೆಂಡತಿ ಕೇಳಿದಳು.

"ನಾನು ಫೋನ್ ನೋಡ್ತಿದ್ದೆ ಕಣೇ. ನಿಂತುಹೋದ್ರೆ ಅಂತ."

"ಡಾಕ್ಟ್ರು?"

"ಅವರು ಕಂಪ್ಯೂಟರ್ ನೋಡ್ತಿದ್ರು."

"ನೀವು ರೀ?"

ತಮ್ಮ ತಲೆ ಕೆರೆದುಕೊಂಡ. "ನೇರ ಮುಂದೆ ನೋಡು ಅಂದಿದ್ರಲ್ಲ, ನೋಡ್ತಿದ್ದೆ. ಅಕ್ಕ ಮೇಲಕ್ಕೆ ಬರ್ತಿದೆ ಅಂದ್ಲು. ಬಂತೇನೋ ಅಂದ್ಕೊಂಡೆ. ಒಳಗೊಳಗೇ ಖುಷಿಯಾಯ್ತು."

"ಚೆನ್ನಾಯ್ತು! ಆ ಕೋಣೇಲಿ ಆರು ಕಣ್ಣು ಇದ್ವು, ಒಂದಾದ್ರೂ ಕೈ ಮೇಲೆ ಬೀಳಬಾರ್ದಾ? ಆ ಡಾಕ್ಟ್ರು ಪಾಪ ನಿಮ್ಮನ್ನ ಕೇಳಿಸ್ಕೊಂಡೇ ಬರೆದಿದ್ದಾರೆ ಅತ್ತಿಗೆ."

ಅಕ್ಕನಿಗೆ ಏನೂ ತಲೆಗೆ ಹೋಗಲಿಲ್ಲ. ತಾನು ಸುಳ್ಳು ಹೇಳಿದೆನೇ? ಸುಳ್ಳು ಹೇಳುವವಳಿಗೆ ನಿಜ ಗೊತ್ತಿರಬೇಕಲ್ಲ? ಒಂದು ವೇಳೆ ಅಂದು, ಆ ಕೋಣೆಯಲ್ಲಿ, ಕೈ ಎದ್ದೇ ಇದ್ದಿದ್ದರೆ? ಯಾರು ಕಂಡಿದ್ದಾರೆ? "ಏಣಿ, ಒಂದ್ಸಲ ಎತ್ತು ನೋಡೋಣ" ಎಂದಳು. ತಮ್ಮ ಕಣ್ಣು ಮುಚ್ಚಿ ಎತ್ತಿದ. ಅಕ್ಕ ತಡೆಯಲಾರದೆ, "ಬರ್ತಿದೆ, ಬರ್ತಿದೆ!" ಎಂದಳು. "ಬಂತಾ?" ಎಂದ ತಮ್ಮ, ಮುಖವೆಲ್ಲ ಅರಳಿಸಿಕೊಂಡು. ಕೈ ಅಂಗಿಯ ಎರಡನೇ ಗುಂಡಿಯ ಹತ್ತಿರ ನಡುಗುತ್ತಿತ್ತು. ಹೆಂಡತಿ ಹಣೆ ಚಚ್ಚಿಕೊಂಡಳು.

ಮೇಲ್ಮನವಿಯ ದಿನ ಉದ್ದನೆಯ ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವೆ ದಪ್ಪ ಕನ್ನಡಕದ ಅಧ್ಯಕ್ಷೆ. ಎಡಕ್ಕೆ ಆಕಳಿಸುತ್ತಿದ್ದ ಒಬ್ಬ ವೈದ್ಯ. ಬಲಕ್ಕೆ ನರೆತ ಮೀಸೆಯ ಹಿರಿಯ ಅಧಿಕಾರಿ, ಕಾಲ ಬಳಿ ಒಂದು ಸವೆದ ಚೀಲ. ರೆಕಾರ್ಡು ಇದೆಯೆಂದು ಅಕ್ಕ, ವರದಿ ಬಂದ ಸಿಟ್ಟಿನಲ್ಲಿ, ಅದನ್ನು ಕೇಳುವ ಮೊದಲೇ ಮನವಿಯಲ್ಲಿ ಬರೆದುಕೊಟ್ಟುಬಿಟ್ಟಿದ್ದಳು. ಬಾಯಿಗೆ ಬಂದ ಮಾತನ್ನು ನುಂಗಬಹುದು, ಬರೆದುಕೊಟ್ಟದ್ದನ್ನು ನುಂಗಲಾದೀತೇ? "ಹಾಕಿ" ಎಂದರು ಅಧ್ಯಕ್ಷೆ. ಅಕ್ಕ ಒತ್ತಿದಳು.

"ಗಮನಿಸಿ!" ಎಂದಿತು ಫೋನು.

ನರೆತ ಮೀಸೆಯವರು ಥಟ್ಟನೆ ಎದ್ದರು. ಚೀಲ ಹೆಗಲಿಗೇರಿತು. ಕುರ್ಚಿ ಹಿಂದಕ್ಕೆ ಉರುಳಿತು. ಬಾಗಿಲಿನ ಹಿಡಿಕೆಯನ್ನು ತಿರುಗಿಸಿದ ಮೇಲೆಯೇ ಅವರಿಗೆ ಎಚ್ಚರವಾದದ್ದು.

"ಎಲ್ಲಿಗೆ ಸಾರ್?" ಎಂದರು ಅಧ್ಯಕ್ಷೆ.

"ಬಸ್ಸು..." ಎಂದವರು ನಾಚಿಕೊಂಡು ತಿರುಗಿ, ಅಕ್ಕನನ್ನೇ ದಿಟ್ಟಿಸಿದರು. "ಅಯ್ಯೋ ತಾಯಿ, ನೀವೇನಾ? ಇಡೀ ವಯಸ್ಸು ನಿಮ್ಮ ದನಿ ಕೇಳ್ಕೊಂಡೇ ಕಾದೆನಲ್ಲಮ್ಮ! ನಿಮ್ಮನ್ನ ನಂಬಿ ಮಳೇಲಿ ನೆನೆದು, ಬಿಸಿಲಲ್ಲಿ ಒಣಗಿದ್ದೀನಿ. ಒಳ್ಳೇ ಕೆಲಸದ ಸಂದರ್ಶನ ತಪ್ಪಿಹೋಗಿ ಇಲ್ಲಿಗೆ ಬಂದು ಬಿದ್ದಿದ್ದೀನಿ." ಆಮೇಲೆ ಅಧ್ಯಕ್ಷೆಯ ಕಡೆ ಬಾಗಿ, "ಮೇಡಂ, ಈಯಮ್ಮ ಬರ್ತಾ ಇದೆ ಅಂದ್ರೆ ಬಂದಿದೆ ಅಂತ ಅರ್ಥ ಅಲ್ಲ. ಪಟ್ಟಿ ಪ್ರಕಾರ ಬರಬೇಕು ಅಂತ ಅಷ್ಟೇ" ಎಂದರು.

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿದರು. ಅವರಿಗೂ ಗಲಿಬಿಲಿ. "ಹಾಗಾದ್ರೆ ಈ ವರದಿ ಕೈಯನ್ನ ನೋಡಿ ಬರೆದದ್ದೋ, ಇವರನ್ನ ಕೇಳಿ ಬರೆದದ್ದೋ? ಬರಲಿಲ್ಲ ಅಂತ ನೀವು ಕೊನೇಲಾದ್ರೂ ಹೇಳೋದಿಲ್ವಾ?"

"ಆ ಮಾತು ನಮ್ಮಲ್ಲಿಲ್ಲ ಮೇಡಂ" ಎಂದಳು ಅಕ್ಕ. "ಕಾಯೋರ ಎದೆ ಒಡೆದುಹೋಗುತ್ತೆ."

"ಇವತ್ತು ಇಲ್ಲೇ ಇನ್ನೊಂದ್ಸಲ ನೋಡೋಣ. ನೀವೇ ಹೇಳಿ, ರೆಕಾರ್ಡ್ ಆಗ್ಲಿ. ಆದ್ರೆ ಫೋನ್ ನೋಡ್ಬೇಡಿ. ಕೈ ನೋಡಿ. ಕಂಡಮೇಲೆ ಹೇಳಿ."

ಅಕ್ಕ ಫೋನನ್ನು ಮೇಜಿನ ಮೇಲಿಟ್ಟಳು. ಈಗ ನೋಡಲು ಅಂಕಿಯಿಲ್ಲ, ಮುಳ್ಳಿಲ್ಲ. ಎದುರಿಗೆ ತಮ್ಮನ ಕೈ. ದಿನಾ ಎಣ್ಣೆ ತಿಕ್ಕಿದ್ದ ಕೈಯೇ ಅದು. ಆದರೆ ಆಗೆಲ್ಲ ಆಕೆ ಎಣ್ಣೆ ನೋಡುತ್ತಿದ್ದಳು. ತೋಳು ಸೊರಗಿ ಸೌದೆಯಾಗಿತ್ತು. ಬೆರಳುಗಳು ಮಾತ್ರ ಇನ್ನೂ ಬ್ರಷ್ಷು ಹಿಡಿದ ಹಾಗೆ ಮಡಚಿಕೊಂಡಿದ್ದವು.

"ಎತ್ತಿ" ಎಂದರು ವೈದ್ಯರು. ಆಕಳಿಕೆ ನಿಂತಿತ್ತು.

ಕೈ ಹೊರಟಿತು. ಅಕ್ಕನ ಗಂಟಲಿಗೆ ಮಾತು ನುಗ್ಗಿ ಬಂತು, ಹಲ್ಲು ಕಚ್ಚಿದಳು. ಅದು ಹೊಟ್ಟೆ ದಾಟಿತು. ಎರಡನೇ ಗುಂಡಿಗೆ ಬಂದು ನಿಂತಿತು. ನಡುಗಿತು. ತಮ್ಮ ನೇರ ಮುಂದೆ ನೋಡುತ್ತಿದ್ದ, ಕಿವಿ ಮಾತ್ರ ಅಕ್ಕನ ಕಡೆಗೆ. ಅವನ ಹಣೆಯ ಬೆವರು ಮೂಗಿನ ತುದಿಗೆ ಇಳಿದು ತೂಗಿತು. ಅಷ್ಟು ಹೊತ್ತು ಅಕ್ಕನ ಹಳೆಯ ನಿಲ್ದಾಣದಲ್ಲಿ ಯಾವ ಬಸ್ಸಿಗೂ ಯಾರೂ ಕಾದದ್ದಿಲ್ಲ. ಕೊನೆಗೆ ಕೈ ತೊಡೆಯ ಮೇಲೆ ಕುಸಿಯಿತು.

"ಗಮನಿಸಿ" ಎಂದಳು ಅಕ್ಕ. ಈ ಸಲ ಕಿಟಕಿಯ ಗಾಜು ಅಲುಗಲಿಲ್ಲ. "ತಮ್ಮನ ಬಲಗೈ..."

ನರೆತ ಮೀಸೆಯವರು ಚೀಲವನ್ನು ಎದೆಗೆ ಒತ್ತಿಕೊಂಡು ಕಾದರು.

"ರದ್ದಾಗಿದೆ."

ಪಕ್ಕದವರಿಗೂ ಸರಿಯಾಗಿ ಕೇಳದಷ್ಟು ಸಣ್ಣ ದನಿಯಲ್ಲಿ ಬಂತು. ಫೋನಿಗೆ ಮತ್ತು ತಮ್ಮನ ಕಿವಿಗೆ ಮಾತ್ರ ಕೇಳಿಸಿತ್ತು. ವೈದ್ಯರು ಎದ್ದು ಬಂದು ಆ ಭುಜವನ್ನು ತಾವೇ ಮುಟ್ಟಿ, ಒತ್ತಿ, ತಿರುಗಿಸಿ ನೋಡಿದರು. ಅಧ್ಯಕ್ಷೆಗೆ ಬರೀ ತಲೆಯಾಡಿಸಿದರು. ಅಧ್ಯಕ್ಷೆ ಹಳೆಯ ವರದಿಗೆ ಅಡ್ಡಗೆರೆ ಎಳೆದು, "ಭತ್ಯೆ ಮುಂದುವರಿಯುತ್ತೆ. ಹೋಗಿಬನ್ನಿ" ಎಂದರು.

ಇಬ್ಬರೂ ಹೊರಗಿನ ಬಸ್ ತಂಗುದಾಣಕ್ಕೆ ಹೊರಟರು. ಗೆದ್ದಿದ್ದೇವೆಯೋ ಸೋತಿದ್ದೇವೆಯೋ ಆಕೆಗೆ ಗೊತ್ತಾಗುತ್ತಿರಲಿಲ್ಲ. ತಮ್ಮನ ಮುಖ ನೋಡಲು ಧೈರ್ಯ ಸಾಲದೆ ಅವನ ಚಪ್ಪಲಿ ನೋಡುತ್ತ ನಡೆದಳು.

"ಕೋಪಾನೇನೋ?" ಎಂದಳು ಕೊನೆಗೆ.

ತಮ್ಮ ಬೆಂಚಿನ ಧೂಳನ್ನು ಎಡಗೈಯಿಂದ ಒರೆಸಿ ಧೊಪ್ಪೆಂದು ಕೂತ. ಕಾಲು ಚಾಚಿದ. ಮೈ ಮುರಿದ, ಬರುವಷ್ಟು ಮಟ್ಟಿಗೆ. "ಇಲ್ಲಕ್ಕ. ಬಿದ್ದ ದಿನದಿಂದ ನಿಂತೇ ಕಾಯ್ತಿದ್ದೆ, ಇನ್ನೇನು ಬಂತು ಅಂತ. ಇವತ್ತು ಕೂತ್ಕೊಂಡೆ."

ಅಕ್ಕನೂ ಪಕ್ಕದಲ್ಲಿ ಕೂತಳು. ರಸ್ತೆಯ ತಿರುವಿನಲ್ಲಿ ಏನೋ ಗಡಗಡ ಸದ್ದಾಯಿತು.

"ಬಸ್ಸಾ ಅಕ್ಕ?"

ಆಕೆ ಬಾಯಿ ತೆರೆದಳು. ಮುಚ್ಚಿದಳು. ಕತ್ತು ಚಾಚಿ, ಕಣ್ಣು ಕಿರಿದು ಮಾಡಿ ತಿರುವನ್ನೇ ನೋಡಿದಳು.

"ತಾಳು" ಎಂದಳು. "ಕಂಡಮೇಲೆ ಹೇಳ್ತೀನಿ."