ಮ್ಯಾಕರಾನಿಗೆ ಕಾಲು ಬಂದ ದಿನ

ಓವನ್ನಿನ ಗಾಜಿನ ಹಿಂದೆ ಅವು ಮೆಲ್ಲಗೆ ಮೇಲೆದ್ದು ಕಾಲು ಬಿಟ್ಟಾಗ ಅವಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

ಮ್ಯಾಕರಾನ್ ಎಂಬ ಆ ಪುಟ್ಟ ಫ್ರೆಂಚ್ ಬಿಸ್ಕತ್ತಿನ ಬುಡದಲ್ಲಿ ಸುತ್ತಲೂ ನೊರೆಯಂಥ ಅಂಚೊಂದು ಮೂಡಬೇಕು. ಮಾಡುವವರು ಅದನ್ನು ಕಾಲು ಎನ್ನುತ್ತಾರೆ. ಕಾಲು ಬಂದರೆ ಗೆದ್ದ ಹಾಗೆ. ಬಾರದಿದ್ದರೆ ಅದು ಬರಿಯ ಸಕ್ಕರೆ ಬಿಲ್ಲೆ. ಇಷ್ಟು ದಿನ ಅವಳ ಕೈಯಿಂದ ಬಂದದ್ದೆಲ್ಲ ಬಿಲ್ಲೆಗಳೇ. ಒಮ್ಮೆ ನೆತ್ತಿ ಬಿರಿದವು. ಒಮ್ಮೆ ಕಾಗದಕ್ಕೆ ಕಚ್ಚಿಕೊಂಡು ಜಪ್ಪಯ್ಯ ಎಂದರೂ ಬಿಡಲಿಲ್ಲ. ಒಮ್ಮೆ ಒಳಗೆಲ್ಲ ಟೊಳ್ಳಾಗಿ, ಮುಟ್ಟಿದರೆ ಕುಸಿದವು.

"ಅತ್ತೇ! ಬೇಗ ಬನ್ನಿ! ಕಾಲು ಬಂತು!"

ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಅವರು ಹಿರಿಯ ಮಗನ ಮನೆಯಿಂದ ಇಲ್ಲಿಗೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. "ಬರ್ದೆ ಎಲ್ಲಿಗೆ ಹೋಗತ್ತೆ? ನಾನು ಹೇಳ್ಲಿಲ್ವಾ?" ಎಂದು ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. ಆ ಸೆರಗಿನ ಹಿಂದೆ ಒಂದು ಗುಟ್ಟಿನ ನಗು ಇತ್ತು. ಅವಳು ಅದನ್ನು ನೋಡಿದಳು, ಆದರೆ ಅದೇನೆಂದು ಯೋಚಿಸಲಿಲ್ಲ.

"ಅಮ್ಮ, ಎತ್ಕೊ! ನಂಗೆ ಕಾಣ್ತಿಲ್ಲ!" ಎಂದು ಮಗಳು ಪಕ್ಕದಲ್ಲಿ ಕುಣಿಯುತ್ತಿದ್ದಳು. ಹುಟ್ಟುವಾಗ ಅಂಗೈಯಷ್ಟಿದ್ದಳೆಂದು ಅಪ್ಪ ಇಟ್ಟ ಹೆಸರು ಬಟಾಣಿ. ಇಂದು ಅವಳ ಹುಟ್ಟುಹಬ್ಬ. ಸಂಜೆಗೆ ತರಗತಿಯ ಗೆಳತಿಯರು ಬರುವವರಿದ್ದರು.

"ಎತ್ಕೊಳೋ ವಯಸ್ಸಾ ಇದು? ಸ್ಟೂಲ್ ಹಾಕ್ಕೊ."

ಬಟಾಣಿ ಸ್ಟೂಲಿನ ಮೇಲೆ ಮಂಡಿಯೂರಿ ಗಾಜಿಗೆ ಮೂಗು ತಾಗುವಷ್ಟು ಬಗ್ಗಿದಳು. "ಅಯ್ಯೋ, ಚಡ್ಡಿ ಹಾಕ್ಕೊಂಡಿವೆ!" ಎಂದು ಕಿಲಕಿಲ ನಕ್ಕಳು.

ಈ ಬಿಸ್ಕತ್ತಿಗೆ ಅಮ್ಮ ಇಷ್ಟೊಂದು ಒದ್ದಾಡಿದ್ದಕ್ಕೆ ಕಾರಣವಿತ್ತು. ಎಲ್ಲ ಕಡೆ ಮ್ಯಾಕರಾನ್ ಮಾಡುವುದು ಬಾದಾಮಿ ಹಿಟ್ಟಿನಿಂದ. ಬಟಾಣಿಗೆ ಬಾದಾಮಿ ಆಗದು. ಆಗದು ಎಂದರೆ ಹೊಟ್ಟೆ ಕೆಡುವ ಮಾತಲ್ಲ. ಎರಡು ವರ್ಷದವಳಿದ್ದಾಗ ಯಾರೋ ಕೊಟ್ಟ ಮಿಠಾಯಿಯ ಒಂದು ಚೂರಿಗೆ ತುಟಿ ಊದಿ, ಕೊರಳು ಬಿಗಿದು, ಮಗು ಕೈಯಲ್ಲೇ ನೀಲಿಯಾಗಿತ್ತು. ಅಂದಿನಿಂದ ಆ ಮನೆಗೆ ಬಾದಾಮಿ ಬಂದಿಲ್ಲ. ಹೊಸ ತಿಂಡಿ ಏನೇ ಬರಲಿ, ಅಮ್ಮ ಮೊದಲು ಕಚ್ಚಿ, ನಾಲಿಗೆಯಲ್ಲಿ ಹೊರಳಿಸಿ, ಸರಿಯೆಂದ ಮೇಲೆಯೇ ಮಗಳಿಗೆ. ಮುಂಬಾಗಿಲ ಹಿಂದಿನ ಮೊಳೆಯಲ್ಲಿ ಕೆಂಪು ಚೀಲವೊಂದು ಸದಾ ತೂಗುತ್ತಿತ್ತು. ಅದರೊಳಗೆ, ಹಾಗೆ ಉಸಿರು ಕಟ್ಟಿದರೆ ತಕ್ಷಣ ತೊಡೆಗೆ ಒತ್ತಬೇಕಾದ ಚುಚ್ಚುಮದ್ದಿನ ಪೆನ್ನು.

ಶಾಲೆಯ ದಾರಿಯ ಬೇಕರಿಯ ಗಾಜಿನೊಳಗೆ ಗುಲಾಬಿ, ಹಳದಿ, ತಿಳಿನೀಲಿ ಮ್ಯಾಕರಾನ್‌ಗಳು ಸಾಲಾಗಿ ಕೂತಿರುತ್ತಿದ್ದವು. ಬಟಾಣಿ ಅವನ್ನು ಬೇಕು ಎಂದು ಒಮ್ಮೆಯೂ ಕೇಳಲಿಲ್ಲ. ಗಾಜಿನ ಮುಂದೆ ನಡಿಗೆ ಮಾತ್ರ ನಿಧಾನವಾಗುತ್ತಿತ್ತು. ಆ ನಿಧಾನವೇ ತಾಯಿಯ ಕರುಳು ಹಿಂಡಿತ್ತು. ಸೂರ್ಯಕಾಂತಿ ಬೀಜದ ಹಿಟ್ಟಿನಲ್ಲೂ ಮಾಡಬಹುದೆಂದು ಎಲ್ಲೋ ಓದಿದ್ದೇ ತಡ, ಹಟ ಹಿಡಿದಳು. ಬೆಳಗ್ಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ಮಧ್ಯಾಹ್ನ ಮನೆಯಲ್ಲಿ ಮೊಟ್ಟೆಯ ಬಿಳಿ ಕಡೆಯುವ ಕೆಲಸ. ಬೋಗುಣಿ ತಲೆಯ ಮೇಲೆ ಬೋರಲು ಹಿಡಿದರೂ ಬೀಳದಷ್ಟು ನೊರೆ ಗಟ್ಟಿಯಾಗಬೇಕು. ಆ ಪರೀಕ್ಷೆಗೆ ಅತ್ತೆಯ ತಲೆಯೇ ಆಗಬೇಕೆಂದು ಮೊಮ್ಮಗಳ ಹಟ. "ಬಿದ್ರೆ ನಿನ್ ಕೈಲೇ ತಲೆ ತೊಳಿಸ್ತೀನಿ ನೋಡು" ಎನ್ನುತ್ತಲೇ ಅತ್ತೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಗಾಳಿಗುಳ್ಳೆ ಹೋಗಲೆಂದು ತಟ್ಟೆಯನ್ನು ಮೇಜಿಗೆ ಬಡಿಯುವಾಗ ಕೆಳಗಿನ ಮನೆಯ ಟೈಲರ್ ಕಿಟಕಿಯಿಂದ ಕೂಗುತ್ತಿದ್ದ: "ಅಕ್ಕಾ, ಭಾವನ್ನ ಬಿಟ್ಬಿಡಿ, ಪಾಪ!"

ಇಷ್ಟಾದರೂ ಬರುತ್ತಿದ್ದದ್ದು ಬೂದು ಬಣ್ಣದ ಒಡಕು ಬಿಲ್ಲೆಗಳು. ಕಳೆದ ಬಾರಿ ಅವಳು ತಟ್ಟೆಯನ್ನು ಹಾಗೆಯೇ ಕಸದ ಬುಟ್ಟಿಗೆ ಬೋರಲು ಹಾಕಿ, ಸಿಂಕಿನ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಅತ್ತಿದ್ದಳು. "ಹಿಟ್ಟೇ ಸರಿ ಇಲ್ಲ ಅತ್ತೆ, ಎಷ್ಟು ನಯ ಮಾಡಿದ್ರೂ ಎಣ್ಣೆ ಬಿಡತ್ತೆ" ಎಂದಿದ್ದಳು. "ಈ ಸಲ ಹಿಟ್ಟಿನ ಜವಾಬ್ದಾರಿ ನಂದು. ನೀನು ತಲೆ ಕೆಡಿಸ್ಕೋಬೇಡ" ಎಂದಿದ್ದರು ಅತ್ತೆ. ಇಂದು ಡಬ್ಬಿ ತೆರೆದಾಗ ಹಿಟ್ಟು ಮುಖಕ್ಕೆ ಹಚ್ಚುವ ಪೌಡರಿನಂತಿತ್ತು. "ಎಷ್ಟು ಚೆನ್ನಾಗಿ ಪುಡಿ ಮಾಡಿದ್ದೀರಿ!" ಎಂದರೆ ಅತ್ತೆ ನಕ್ಕಿದ್ದರು.

ತಟ್ಟೆ ಹೊರಬಂತು. ಆರಿತು. ಕಾಗದದಿಂದ ಒಂದೊಂದೂ ಕಮಕ್ ಕಿಮಕ್ ಎನ್ನದೆ ಎದ್ದು ಬಂದವು. ನುಣುಪು ನೆತ್ತಿ, ಕೆಳಗೆ ಸುತ್ತಲೂ ಅಚ್ಚುಕಟ್ಟಾದ ಕಾಲು. ಅವಳು ಎರಡನ್ನು ಜಾಮಿನಿಂದ ಜೋಡಿಸಿ ಪುಟ್ಟ ತಟ್ಟೆಯಲ್ಲಿಟ್ಟು ಮಗಳ ಕೈಗೆ ಕೊಟ್ಟಳು.

"ಮೊದಲ್ನೇದು ನಮ್ಮ ಹುಟ್ಟುಹಬ್ಬದ ರಾಣಿಗೆ."

"ನಂಗೇನಾ? ಪೂರ್ತಿ?"

"ಪೂರ್ತಿ."

ಬಟಾಣಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅಮ್ಮನ ಮುಖವನ್ನೇ ನೋಡಿದಳು. ಅಮ್ಮ ನಗುತ್ತಿದ್ದಳು. ಹಾಗೆ ಬಾಯಿತುಂಬ ನಕ್ಕು ಎಷ್ಟು ದಿನವಾಗಿತ್ತೋ. "ಟೈಲರ್ ಮಾಮನಿಗೆ ತೋರಿಸ್ಬಿಟ್ಟು ತಿಂತೀನಿ" ಎಂದು ಹುಡುಗಿ ಮೆಟ್ಟಿಲಿಳಿದು ಓಡಿದಳು.

ಅವಳು ಎರಡನೆಯ ತಟ್ಟೆಯನ್ನು ಓವನ್ನಿಗಿಟ್ಟು ಉಳಿದವನ್ನು ಜೋಡಿಸತೊಡಗಿದಳು. ಅಂಗಡಿಯ ಅಭ್ಯಾಸ, ಒಂದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಗೀರಿಲ್ಲ, ಕಲೆಯಿಲ್ಲ. ಗುಲಾಬಿ ಬಣ್ಣ ಎಷ್ಟು ತಿಳಿಯಾಗಿ ಕೂತಿದೆ ಎಂದುಕೊಂಡಳು. ಹಿಂದೆಲ್ಲ ಇದೇ ಬಣ್ಣ ಹಾಕಿದರೂ ಕೆಸರಾಗುತ್ತಿತ್ತಲ್ಲ. ಸೂರ್ಯಕಾಂತಿ ಬೀಜದ ಬೂದು ಎಲ್ಲಿ ಹೋಯಿತು?

ಎಷ್ಟು ನಯ ಮಾಡಿದರೇನು, ಬೂದು ಬೆಳ್ಳಗಾಗುವುದುಂಟೆ?

ಕೈ ಅಲ್ಲಿಯೇ ನಿಂತಿತು. ವೆನಿಲಾದ ಘಮದಲ್ಲಿ ಇಷ್ಟು ಹೊತ್ತು ಬೇರೇನೂ ಮೂಗಿಗೆ ಬಿದ್ದಿರಲಿಲ್ಲ. ಅವಳು ಹಿಟ್ಟಿನ ಡಬ್ಬಿಯನ್ನು ಎಳೆದುಕೊಂಡು, ಬೆರಳು ಒದ್ದೆ ಮಾಡಿ ತಳಕ್ಕೊತ್ತಿ ನಾಲಿಗೆಗಿಟ್ಟಳು.

ಐದಾರು ವರ್ಷವಾಗಿತ್ತು ಆ ರುಚಿ ಕಂಡು. ನಾಲಿಗೆ ಮರೆತಿರಲಿಲ್ಲ.

"ಅತ್ತೆ." ಅವಳು ಡಬ್ಬಿಯನ್ನು ಮುಂದೆ ಹಿಡಿದಳು. "ಇದು ಯಾವ ಹಿಟ್ಟು?"

ಅತ್ತೆಯ ಮುಖ ಅರಳಿತು. "ಗೊತ್ತಾಗ್ಬಿಡ್ತಾ? ಬೇಕರಿಯವನ ಹತ್ರ ಹೋಗಿದ್ದೆ. ಈ ಬಿಸ್ಕತ್ತು ನೀವು ಯಾವ ಹಿಟ್ಟಲ್ಲಿ ಮಾಡ್ತೀರೋ ಅದೇ ಒಂದಷ್ಟು ಕೊಡಪ್ಪಾ ಅಂದೆ. ಸುಮ್ನೆ ಕಟ್ಟಿಕೊಟ್ಟ. ನೀನು ಅಳೋದು ನೋಡಕ್ಕಾಗ್ಲಿಲ್ಲ ಕಣಮ್ಮ..."

"ಅದು ಬಾದಾಮಿ ಅತ್ತೆ!"

"ಏನು? ಬಾದಾಮಿ ಕಂದು ಅಲ್ವಾ? ಸಿಪ್ಪೆ... ಇದು ಬೆಳ್ಳಗೆ..."

ಉಳಿದದ್ದನ್ನು ಕೇಳಲು ಅವಳು ಅಲ್ಲಿರಲಿಲ್ಲ. ಮೆಟ್ಟಿಲುಗಳನ್ನು ಇಳಿದಳೋ ಬಿದ್ದಳೋ ತಿಳಿಯದು. ಟೈಲರ್ ಬಾಯಲ್ಲಿ ದಾರ ಕಚ್ಚಿಕೊಂಡು ಮೆಷಿನ್ನಿನ ಮುಂದೆ ಕೂತಿದ್ದ.

"ಬಟಾಣಿ ಎಲ್ಲಿ?"

"ಬಂದಿದ್ಲಲ್ಲ, ಮಹಾರಾಣಿ ಹಾಗೆ ತಟ್ಟೆ ಹಿಡ್ಕೊಂಡು. ಒಂದು ಚೂರು ಕೊಡೇ ಅಂದ್ರೆ ಕೊಡ್ಲಿಲ್ಲ ಜಿಪುಣಿ. ನನ್ನ ಮುಂದೇನೇ ಒಂದು ಬಾಯಿ ಕಚ್ಚಿದ್ಲು. ಆಮೇಲೆ ಯಾಕೋ ಮೇಲಕ್ಕೆ ಓಡಿದ್ಲು. ಯಾಕಕ್ಕ, ಏನಾಯ್ತು?"

ಕಚ್ಚಿದ್ದಾಳೆ.

"ಆಂಬ್ಯುಲೆನ್ಸ್‌ಗೆ ಫೋನ್ ಮಾಡು. ಈಗ್ಲೇ!" ಅವಳು ತಿರುಗಿ ಮೇಲಕ್ಕೆ ಓಡಿದಳು. ಹುಡುಗಿ ಮೇಲೆ ಬಂದಿದ್ದರೆ ಅಡುಗೆಮನೆಗೆ ಯಾಕೆ ಬರಲಿಲ್ಲ? ಅಮ್ಮಾ ಎಂದು ಯಾಕೆ ಕೂಗಲಿಲ್ಲ? ಕೂಗಲಾಗಲಿಲ್ಲವೇ? ಮಲಗುವ ಕೋಣೆಯಲ್ಲಿ ಇರಲಿಲ್ಲ. ಮಂಚದ ಕೆಳಗೆ, ಬಾಲ್ಕನಿಯಲ್ಲಿ, ಒಣಹಾಕಿದ ಹೊದಿಕೆಗಳ ಹಿಂದೆ ಎಲ್ಲೂ ಇರಲಿಲ್ಲ. ಆಗ ಕೇಳಿಸಿತು, ಬಚ್ಚಲಲ್ಲಿ ನಲ್ಲಿ ಜೋರಾಗಿ ಸುರಿಯುವ ಸದ್ದು. ಅತ್ತರೆ ಯಾರಿಗೂ ಕೇಳಬಾರದೆಂದು ತಾನು ಬಿಟ್ಟಿದ್ದಳಲ್ಲ, ಅದೇ ಥರ.

ಒಳಗಿನಿಂದ ಚಿಲಕ ಹಾಕಿತ್ತು.

"ಬಟಾಣೀ! ಬಾಗಿಲು ತೆಗಿ!"

"ಏನೂ ಇಲ್ಲಮ್ಮ..." ದನಿ ಗೊಗ್ಗರಾಗಿತ್ತು, ಯಾರೋ ಮುದುಕಿಯದಂತೆ. "ಬಾಯಿ ತೊಳ್ಕೊತಿದೀನಿ."

ಅವಳಿಗೆ ಬಾಗಿಲನ್ನು ಒದ್ದು ಕೂಗಬೇಕೆನಿಸಿತು. ಕೂಗಿದರೆ ಹೆದರುತ್ತಾಳೆ, ಹೆದರಿದರೆ ತೆಗೆಯುವುದಿಲ್ಲ. ಹಣೆಯನ್ನು ಬಾಗಿಲಿಗೆ ಒತ್ತಿ, ಜ್ವರದ ಮಗುವನ್ನು ಮಲಗಿಸುವ ದನಿ ತೆಗೆದಳು.

"ಚಿನ್ನ, ಅಮ್ಮ ಬೈಯಲ್ಲ. ಚಿಲಕ ಒಂದು ತೆಗಿ. ಅಮ್ಮನಿಗೆ ಒಳಗೆ ಬರಬೇಕು."

ನಲ್ಲಿಯ ಸದ್ದು. ಒಂದು ಕೆಮ್ಮು. ಮತ್ತೆ ಬರಿಯ ನಲ್ಲಿಯ ಸದ್ದು.

"ಬಂಗಾರ, ಎಲ್ಲಿ, ತೆಗಿ ನೋಡೋಣ."

ಚಿಲಕ ಅರ್ಧ ಸರಿಯಿತು, ನಿಂತಿತು, ಪೂರ್ತಿ ಸರಿಯಿತು.

ತುಟಿಗಳು ಮಗುವಿನವಾಗಿ ಉಳಿದಿರಲಿಲ್ಲ. ಕಣ್ಣುಗಳು ಸೀಳಿನಷ್ಟಾಗಿದ್ದವು. ಕುತ್ತಿಗೆಯ ತುಂಬ ಕೆಂಪು ದದ್ದು. ಉಸಿರೆಳೆದಾಗ ಎದೆಯೊಳಗೆ ಸೀಟಿಯಂಥ ಸದ್ದು. ಅವಳು ಮಗಳನ್ನು ಬಾಚಿ ಎತ್ತಿಕೊಂಡು ನಡುಮನೆಯ ನೆಲದ ಮೇಲೆ ಮಲಗಿಸುವಷ್ಟರಲ್ಲಿ ಅತ್ತೆ ಕೆಂಪು ಚೀಲದೊಂದಿಗೆ ನಿಂತಿದ್ದರು. ಕಿತ್ತ ಭರಕ್ಕೆ ಮೊಳೆಯೂ ಚೀಲದ ದಾರದಲ್ಲೇ ನೇತಾಡುತ್ತಿತ್ತು.

"ಕಾಲು ಹಿಡ್ಕೊಳ್ಳಿ. ಗಟ್ಟಿಯಾಗಿ."

ಅತ್ತೆ ಹಿಡಿದರು. ಹಳೆಯ ದಿಂಬಿನ ಮೇಲೆ ಎಷ್ಟೋ ಸಲ ಅಭ್ಯಾಸ ಮಾಡಿದ್ದ ಕೈ ಈಗ ಮುಚ್ಚಳ ತೆಗೆಯಲು ತಡಕಾಡಿತು. ತೆಗೆಯಿತು. ಬಟ್ಟೆಯ ಮೇಲಿಂದಲೇ ತೊಡೆಯ ಹೊರಮಗ್ಗುಲಿಗೆ ಒತ್ತಿದಳು. ಟಕ್ ಎಂದಿತು. ಮಗಳು ನರಳಿದಳು. ಅವಳು ಒತ್ತಿ ಹಿಡಿದೇ ಎಣಿಸಿದಳು. ಅಂಕಿಗಳು ನಡುವೆ ಎಲ್ಲೋ ತಪ್ಪಿದವು, ಮತ್ತೆ ಮೊದಲಿನಿಂದ ಎಣಿಸಿದಳು.

ಆಮೇಲೆ ಕಾಯುವುದೊಂದೇ. ಕೋಣೆಯಲ್ಲಿ ಆ ಸೀಟಿಯ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಅಡುಗೆಮನೆಯಲ್ಲಿ ಎರಡನೆಯ ತಟ್ಟೆ ಮುಗಿಯಿತೆಂದು ಓವನ್ನು ಟಿಣ್ ಎಂದಾಗ ಇಬ್ಬರೂ ಬೆಚ್ಚಿಬಿದ್ದರು. ಸೀಟಿ ನಿಂತರೆ ಉಸಿರು ಸರಾಗವಾಯಿತೆಂದೋ, ಉಸಿರೇ ನಿಂತಿತೆಂದೋ? ಅವಳು ಮಗಳ ಎದೆಗೆ ಕಿವಿಯಿಟ್ಟು ಹಾಗೆಯೇ ಇದ್ದಳು. ಒಮ್ಮೆ ಏರಿತು. ಇಳಿಯಿತು. ಇನ್ನೊಮ್ಮೆ ಏರಿತು. ಮೆಟ್ಟಿಲಲ್ಲಿ ಟೈಲರ್ ಯಾರಿಗೋ "ಈ ಕಡೆ, ಈ ಕಡೆ ಬನ್ನಿ" ಎನ್ನುವುದು ಕೇಳಿಸಿತು.

ಆಸ್ಪತ್ರೆಯಲ್ಲಿ ಮಗಳಿಗೆ ಇನ್ನೊಂದು ಚುಚ್ಚುಮದ್ದು ಬೇಕಾಯಿತು. ಊತ ಇಳಿಯತೊಡಗಿದ ಮೇಲೆ ಡಾಕ್ಟರಮ್ಮ, "ಮನೇಲೇ ಚುಚ್ಚಿದ್ದು ಒಳ್ಳೇದಾಯ್ತು. ಇವತ್ತು ಇಲ್ಲೇ ಇರ್ಲಿ, ಮತ್ತೆ ಮರುಕಳಿಸಬಹುದು" ಎಂದು ಹೋದರು. ಮರುಕಳಿಸಬಹುದು ಎಂಬ ಮಾತು ಕೋಣೆಯಲ್ಲೇ ಉಳಿಯಿತು.

"ಯಾಕೆ ಚಿನ್ನ ಒಳಗೆ ಹೋಗಿ ಚಿಲಕ ಹಾಕ್ಕೊಂಡೆ? ನಾಲಿಗೆ ತುರಿಸಿದ ಕೂಡ್ಲೇ ಅಮ್ಮನ ಹತ್ರ ಬರಬೇಕು ಅಂತ ಹೇಳಿಲ್ವಾ?"

ಬಟಾಣಿ ಹೊದಿಕೆಯ ಅಂಚನ್ನು ಕೆದಕಿದಳು. "ತೊಳ್ಕೊಂಡ್ರೆ ಹೋಗತ್ತೆ ಅನ್ಕೊಂಡೆ."

"ಹೋಗ್ದೇ ಇದ್ದಾಗ?"

"ನೀನು ತುಂಬಾ ಖುಷಿಯಾಗಿದ್ದೆ." ಮಗಳು ಬೇರೆ ಕಡೆ ನೋಡಿದಳು. "ಚೆನ್ನಾಗಿಲ್ಲ ಅಂದ್ರೆ ಮತ್ತೆ ಅಳ್ತೀಯ. ನಲ್ಲಿ ಬಿಟ್ಟು."

ಹಿಟ್ಟಿಗೆ ಹೆದರಿದ್ದಕ್ಕಿಂತ ಈ ಮಾತಿಗೆ ಅವಳು ಹೆಚ್ಚು ಹೆದರಿದಳು. ಹಿಟ್ಟನ್ನು ಮನೆಯಿಂದ ಆಚೆ ಹಾಕಬಹುದು. ಅಮ್ಮನ ನಗು ಕೆಡಬಾರದೆಂದು ಉಸಿರುಗಟ್ಟಿಕೊಂಡು ಚಿಲಕ ಹಾಕುವ ಮಗಳನ್ನು ಏನು ಮಾಡುವುದು?

ಹೊರಗೆ ಬೆಂಚಿನ ತುದಿಯಲ್ಲಿ ಅತ್ತೆ ಕುಗ್ಗಿ ಕೂತಿದ್ದರು. ಕೆಲಸ ಬಿಟ್ಟು ಓಡಿಬಂದ ಮಗ, ಬಟಾಣಿಯ ಅಪ್ಪ, ಮಾತಾಡಿಸಿದರೂ ತಲೆ ಎತ್ತಿರಲಿಲ್ಲ. "ನನ್ನ ಕೈಯಾರೆ... ನನ್ನ ಕೈಯಾರೆ..." ಎನ್ನುತ್ತಿದ್ದರು. ಸೊಸೆಯ ನಾಲಿಗೆಯ ತುದಿಯಲ್ಲಿ ಮಾತುಗಳು ಸಾಲುಗಟ್ಟಿ ನಿಂತಿದ್ದವು. ಹೇಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಬೇಕರಿಯ ಮ್ಯಾಕರಾನಿಗೆ ಹಾಕುವುದೇ ಬಾದಾಮಿ ಎಂದು ಈ ಹೆಂಗಸಿಗೆ ತಾನು ಯಾವತ್ತು ಹೇಳಿದ್ದಳು? ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದಳು. ಮೊದಲು ತಾನೇ ಕಚ್ಚಿ ನೋಡುವ ನಿಯಮ ಮುರಿದವರಾದರೂ ಯಾರು?

ಪಕ್ಕದಲ್ಲಿ ಕೂತಳು. "ಒಳಗೆ ಕರೀತಿದಾಳೆ, ಹೋಗಿ" ಎಂದಳು. ಸಿಟ್ಟು ಇನ್ನೂ ಹೋಗಿರಲಿಲ್ಲ. ಅದನ್ನು ಹೊಟ್ಟೆಗೆ ಹಾಕಿಕೊಳ್ಳಲು ದಿನಗಳು ಬೇಕಾದವು.

ಹಳೆಯ ಡಬ್ಬಿ, ಜರಡಿ, ಬೋಗುಣಿ ಎಲ್ಲ ಮನೆಯಿಂದಾಚೆ ಹೋದವು. ಅವಳು ಇನ್ನು ಆ ಗೋಜಿಗೆ ಹೋಗುವುದಿಲ್ಲ ಎಂದುಕೊಂಡಿದ್ದಳು. ಆದರೆ ಒಂದು ಭಾನುವಾರ ಅತ್ತೆ ಸೂರ್ಯಕಾಂತಿ ಬೀಜದ ಪೊಟ್ಟಣ ತಂದು, ಅದನ್ನು ಬಿಚ್ಚದೆ ಸೊಸೆಯ ಮುಂದಿಟ್ಟರು. "ನೀನೇ ಒಡಿ. ನೀನೇ ನೋಡು. ನಾನು ದೂರ ಕೂರ್ತೀನಿ."

"ದೂರ ಕೂತ್ರೆ ಬೋಗುಣಿ ಯಾರ ತಲೆ ಮೇಲೆ ಹಿಡಿಯೋದು?" ಎಂದಳು ಬಟಾಣಿ.

ಈ ಸಲ ಓವನ್ನಿನ ಮುಂದೆ ನಿಲ್ಲಲು ಅವಳಿಗೆ ಧೈರ್ಯವಾಗಲಿಲ್ಲ. ಕಾಲು ಬಂದುಬಿಟ್ಟರೆ ಎಂಬ ಭಯ. ಹೊರಬಂದವು ಬೂದು ಬಿಲ್ಲೆಗಳು. ಅರ್ಧಕ್ಕರ್ಧ ನೆತ್ತಿ ಬಿರಿದಿದ್ದವು. ಅವನ್ನು ನೋಡಿ ಅವಳಿಗೆ ಎಷ್ಟೋ ಸಮಾಧಾನವಾಯಿತು. ಮೊದಲು ತಾನು ಕಚ್ಚಿದಳು. ನಾಲಿಗೆಯಲ್ಲಿ ಹೊರಳಿಸಿದಳು. ಆಮೇಲೆ ಅತ್ತೆ ಕಚ್ಚಿದರು, ಪರೀಕ್ಷೆಗೆ ಕೂತವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡು. ಆಮೇಲೆ ಬಟಾಣಿ.

ಅವಳು ಮಗಳ ಕೊರಳನ್ನೇ ನೋಡುತ್ತಿದ್ದಳು. ಗುಟುಕು ಇಳಿಯಿತು. ಕೆಂಪು ಚೀಲ ಅವಳ ತೊಡೆಯ ಮೇಲೇ ಇತ್ತು. ಗಡಿಯಾರ ನೋಡಿದಳು, ಮತ್ತೆ ಕೊರಳು ನೋಡಿದಳು, ತುಟಿ ನೋಡಿದಳು.

ಬಟಾಣಿ ಅಗಿಯುವುದನ್ನು ನಿಲ್ಲಿಸಿದಳು. ಅಮ್ಮನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು.

"ಹೇಳು" ಎಂದಳು ಅವಳು. "ಏನಿದ್ರೂ ಹೇಳು. ತುರಿಸ್ತಿದ್ಯಾ?"

"ಇಲ್ಲ."

"ಮತ್ತೆ?"

ಹುಡುಗಿ ಅಜ್ಜಿಯ ಕಡೆ ನೋಡಿದಳು, ಮತ್ತೆ ಅಮ್ಮನ ಕಡೆ.

"ಅಮ್ಮ... ಇದು ಒಂಚೂರೂ ಚೆನ್ನಾಗಿಲ್ಲ. ಮಣ್ಣು ತಿಂದ ಹಾಗಿದೆ."

ಅತ್ತೆ ಮುಖ ಗಂಟಿಕ್ಕಿಕೊಂಡು, "ಹೌದು ಮತ್ತೆ! ನಾನು ಹೇಳಕ್ಕೆ ಹೆದರ್ಕೊಂಡು ಕೂತಿದ್ದೆ" ಎಂದರು.

ಅವಳು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೊಂದ್ಸಲ ಹೇಳು" ಎಂದಳು. "ಜೋರಾಗಿ."