ಸೊಸೆಯ ಹೆಸರಿನಲ್ಲಿ ಪಾಸಾದವಳು

ಜಿಪಾರಳ ತಲೆಗೆ ಕಪ್ಪು ವಸ್ತ್ರ ಬಿಗಿದು, ಮಾವನ ಅಕ್ಕ ಬುರ್ಮಾ ಅಜ್ಜಿ ಅವಳನ್ನು ಅಂಗಳದಲ್ಲಿ ಹಾಕಿದ್ದ ಡೇರೆಯ ಗೋಡೆಯತ್ತ ಮುಖ ಮಾಡಿಸಿ ಕೂರಿಸಿದಳು. ಪಕ್ಕದಲ್ಲಿ ಪರದೆ, ಪರದೆಯ ಹಿಂದೆ ಅತ್ತೆಯ ದೇಹ. ಹೊರಗೆ ಗಂಡಸರು ಪದ್ಧತಿಯಂತೆ ಕೋಲಿಗೆ ಒರಗಿ ಗಟ್ಟಿಯಾಗಿ ಅಳುತ್ತಿದ್ದರು.

"ಶುರು ಮಾಡೇ. ನಾರಿನ್ ಪಟ್ಟಣದಿಂದ ಬಂದೋರು ಬಾಗಿಲಲ್ಲಿದಾರೆ. ಸೊಸೆ ಹಾಡದೆ ಹೆಣ ಎತ್ತೋದುಂಟಾ?"

"ಏನಂತ ಹಾಡ್ಲಿ ಅಜ್ಜಿ?"

"ಎಲ್ಲರೂ ಹಾಡೋದೇ. ಒಳ್ಳೆ ರೊಟ್ಟಿ ಸುಡ್ತಿದ್ಳು, ಕುರಿ ಕಾಯ್ತಿದ್ಳು, ಐದು ಮಕ್ಕಳ ತಾಯಿ..."

"ಮುದುಕಿಗೆ ಕೊನೇಗಾಲದಲ್ಲಿ ಓದೋ ಹುಚ್ಚು ಹಿಡಿದಿತ್ತಲ್ಲ," ಎಂದು ಪಕ್ಕದ ಮನೆಯ ಶಾರಿಪಾ ಕಣ್ಣೊರೆಸಿಕೊಂಡೇ ಪಿಸುಗುಟ್ಟಿದಳು. "ಫೋನು ಹಿಡ್ಕೊಂಡು ಕೊಟ್ಟಿಗೆ ಮಾಡಿನ ಮೇಲೆ ಹತ್ತಿ ಕೂರ್ತಿದ್ಳು. ಸಿಗ್ನಲ್ ಅಲ್ಲೇ ಸಿಗೋದಂತೆ. ನಾನು ಕೋಳಿ ಹುಡುಕ್ತಿದಾಳೆ ಅಂದ್ಕೊಂಡಿದ್ದೆ."

ಹೆಂಗಸರ ಭುಜಗಳು ನಗುವಿಗೆ ಅಲುಗಿದವು. ಬಾಗಿಲಲ್ಲಿದ್ದವರಿಗೆ ಅದೂ ಅಳುವಂತೆಯೇ ಕಂಡಿರಬೇಕು.

*

ಏಳನೇ ತರಗತಿಗೇ ಶಾಲೆ ಬಿಟ್ಟು ಕುರಿಯ ಹಿಂದೆ ಹೋದ ಅತ್ತೆಗೆ ದಾದಿಯಾಗುವ ಆಸೆ ಹಾಗೇ ಉಳಿದಿತ್ತು. ಫೋನಿನಲ್ಲಿ ಪುಕ್ಕಟೆ ಪಾಠಗಳಿವೆ, ಯಾರು ಬೇಕಾದರೂ ಸೇರಬಹುದು ಎಂದು ಕೇಳಿದ ದಿನವೇ ಫೋನನ್ನು ತಂದು ಸೊಸೆಯ ಕೈಗಿಟ್ಟಳು.

ಅದು ಮೊಟ್ಟಮೊದಲು ಹೆಸರು ಕೇಳಿತು. ಜಿಪಾರಳ ಬೆರಳು ನಿಂತಿತು. ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಿಬಿಟ್ಟು ಹೇಳಬಾರದು. ಬರೆಯಬಹುದೋ ಇಲ್ಲವೋ ಯಾರೂ ಹೇಳಿಕೊಟ್ಟಿರಲಿಲ್ಲ. ಹೆದರಿ ತನ್ನ ಹೆಸರನ್ನೇ ಒತ್ತಿದಳು. 'ಸ್ವಾಗತ, ಜಿಪಾರ' ಎಂದು ಬಂತು.

"ಆಮೇಲೆ ಸರಿಮಾಡಿದ್ರಾಯ್ತು ಬಿಡೆ," ಎಂದಳು ಅತ್ತೆ. "ಮೊದ್ಲು ಪಾಠ ತೆಗಿ."

ಮೊದಲನೆಯದು ಇಂಗ್ಲಿಷಿನಲ್ಲಿತ್ತು, ಬಿಟ್ಟಳು. ರಷ್ಯನ್ ಭಾಷೆಯದೊಂದು, ಹಿಮ ಬಿದ್ದು ವಾರಗಟ್ಟಲೆ ಸಿಗ್ನಲ್ ಇಲ್ಲದೆ ಕೈತಪ್ಪಿತು. ಅರ್ಥವಾಗದ್ದನ್ನು ಕೇಳೋಣವೆಂದರೆ ಗುರುವಿಲ್ಲ, ಜೊತೆಗೆ ಓದುವವರಿಲ್ಲ. "ಬಾಗಿಲೇನೋ ಹಾರುಹೊಡೆದಿಟ್ಟಿದಾರೆ ಕಣೇ, ಒಳಗೆ ಬಾ ಅನ್ನೋರೇ ಇಲ್ಲ," ಎನ್ನುತ್ತಿದ್ದಳು. ಆದರೂ ಮನುಷ್ಯನ ದೇಹದ ಬಗೆಗಿನ ಪಾಠವೊಂದನ್ನು ಹಟ ಹಿಡಿದು, ಕುಂಟುತ್ತಾ ಎಡವುತ್ತಾ, ಎರಡು ಚಳಿಗಾಲದಲ್ಲಿ ಮುಗಿಸಿಯೇಬಿಟ್ಟಳು.

ಪ್ರಮಾಣಪತ್ರ ಬಂತು. ಅದರ ಮೇಲೆ ಜಿಪಾರ ಎಂದಿತ್ತು. ಇನ್ನು ತಿದ್ದಲು ಬರುವುದಿಲ್ಲವಂತೆ.

"ನೀನೇ ಪಾಸಾದೆ ಹೋಗು!" ಎಂದು ಅತ್ತೆ ನಕ್ಕು, ತಾನೇ ಸೊಸೆಗೆ ಚಹಾ ಬಗ್ಗಿಸಿಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದಳು: "ಶಾಲೆ ಬಿಟ್ಮೇಲೆ ನನ್ನ ಹೆಸರನ್ನ ಯಾವ ಮೇಷ್ಟ್ರೂ ಕೂಗಿಲ್ಲ ನೋಡು. ಒಂದ್ಸಲ ಕೂಗ್ತಾರೇನೋ ಅಂತಿದ್ದೆ."

ಆಗಲೂ ಆ ಹೆಸರು ಜಿಪಾರಳ ಬಾಯಿಗೆ ಬರಲಿಲ್ಲ.

*

"ಹಾಡೇ!" ಬುರ್ಮಾ ಅಜ್ಜಿ ತಿವಿದಳು.

ಜಿಪಾರ ರೊಟ್ಟಿಯನ್ನು ಹಾಡಿದಳು, ಕುರಿಗಳನ್ನು ಹಾಡಿದಳು, ಐದು ಮಕ್ಕಳನ್ನೂ ಹಾಡಿದಳು. ಆಮೇಲೆ ಉಸಿರೆಳೆದುಕೊಂಡು, ಊರಿಗೆಲ್ಲ ಕೇಳುವಂತೆ ಕೂಗಿದಳು: "ಉಮ್ಸುನಾಯ್!"

"ಅಯ್ಯೋ ನಾಚ್ಕೆಗೆಟ್ಟೋಳೆ! ಅತ್ತೆ ಹೆಸರು!" ಎಂದು ಬುರ್ಮಾ ಅಜ್ಜಿ ಅವಳ ತೋಳು ಹಿಡಿದೆಳೆದಳು. ಹೊರಗೆ ಗಂಡಸರ ಅಳು ನಿಂತುಹೋಯಿತು.

ಜಿಪಾರ ಜಗ್ಗಲಿಲ್ಲ. ಗೋಡೆಯಿಂದ ಮುಖ ತಿರುಗಿಸಿ, ಪರದೆಯ ಕಡೆ ನೋಡುತ್ತಾ ಇನ್ನೊಮ್ಮೆ ಕೂಗಿದಳು. ಕೂಗಿ, ಹಾಜರಿ ಕರೆಯುವ ಮೇಷ್ಟ್ರಂತೆ ಸುಮ್ಮನೆ ಕಾದಳು. ಡೇರೆಯೊಳಗಿನ ಹೆಂಗಸರೆಲ್ಲ ಪರದೆಯನ್ನೇ ನೋಡುತ್ತಿದ್ದರು, ಬುರ್ಮಾ ಅಜ್ಜಿಯೂ.